ಯಾರಿಗೆ ಚಂದಾ ಕಟ್ಟುವುದು: ಆರು ಆನ್‌ಲೈನ್ ಬರಹಗಾರರು, ಒಂದು ವರ್ಷ

ಕಳೆದ ವರ್ಷ ಯುಗಾದಿಯ ಹೊತ್ತಿಗೆ, ಮನೆಗೆ ಬರುತ್ತಿದ್ದ ಎರಡು ವಾರಪತ್ರಿಕೆಗಳಲ್ಲಿ ಒಂದನ್ನು ನಿಲ್ಲಿಸಿ, ಆ ಹಣಕ್ಕೆ ಇನ್ನಷ್ಟು ಸೇರಿಸಿ, ಸುಮಾರು 9,000 ರೂಪಾಯಿಗಳನ್ನು ಆನ್‌ಲೈನಿನಲ್ಲಿ ಬರೆಯುವವರಿಗೆಂದೇ ತೆಗೆದಿರಿಸಿದೆ. ನಾನು ತೀರ್ಥಹಳ್ಳಿಯ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮನೆಗೆ ಹೊಂದಿಕೊಂಡು ಎರಡು ಎಕರೆ ಅಡಿಕೆ ತೋಟವಿದೆ. ಓದುವುದಕ್ಕೆ ನನಗೆ ಸಿಗುವುದು ರಾತ್ರಿಯ ಊಟ ಮುಗಿದ ಮೇಲಿನ ಒಂದು ಗಂಟೆ ಮಾತ್ರ. ಆ ಒಂದು ಗಂಟೆಗೆಂದು ಆರು ಮಂದಿಗೆ ಚಂದಾ ಕಟ್ಟಿದೆ. ಈಗ ವರ್ಷ ತುಂಬಿದೆ, ನವೀಕರಿಸಿ ಎಂಬ ನೆನಪೋಲೆಗಳು ಒಂದೊಂದಾಗಿ ಬರುತ್ತಿವೆ, ಮತ್ತು ಆರರಲ್ಲಿ ಮೂರನ್ನು ಮಾತ್ರ ಮುಂದುವರಿಸುವುದೆಂದು ನಿರ್ಧರಿಸಿದ್ದೇನೆ. ಆ ನಿರ್ಧಾರಕ್ಕೆ ಬಂದದ್ದು ಹೇಗೆ ಎಂಬುದನ್ನು, ಇದೇ ಯೋಚನೆಯಲ್ಲಿರುವ ಬೇರೆ ಓದುಗರಿಗೆ ಉಪಯೋಗವಾಗಲಿ ಎಂದು, ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ನಮ್ಮ ಕಡೆ ಚಂದಾ ಎಂಬ ಮಾತಿಗೆ ಎರಡು ಬಳಕೆಗಳಿವೆ. ಪತ್ರಿಕೆಗೆ ಕಟ್ಟುವುದು ಒಂದು ಚಂದಾ. ಗಣಪತಿ ಕೂರಿಸುವಾಗಲೋ, ಹಳ್ಳದ ಕಾಲುಸಂಕ ಮಳೆಗೆ ಕೊಚ್ಚಿಹೋದಾಗಲೋ ಮನೆಮನೆಗೆ ಬಂದು ಎತ್ತುವುದು ಇನ್ನೊಂದು ಚಂದಾ. ಮೊದಲನೆಯದರಲ್ಲಿ ಕೊಟ್ಟ ಹಣಕ್ಕೆ ನಮ್ಮ ಕೈಗೆ ಏನೋ ಒಂದು ಬರುತ್ತದೆ, ಕೊಡದವರಿಗೆ ಬರುವುದಿಲ್ಲ. ಎರಡನೆಯದರಲ್ಲಿ ಎಲ್ಲರೂ ಸೇರಿ ಹಾಕಿದ ಸಂಕದ ಮೇಲೆ ಕೊಟ್ಟವರೂ ದಾಟುತ್ತಾರೆ, ಕೊಡಲಾಗದವರೂ ದಾಟುತ್ತಾರೆ, ಶಾಲೆಗೆ ಹೋಗುವ ಮಕ್ಕಳೂ ದಾಟುತ್ತಾರೆ. ಆನ್‌ಲೈನ್ ಬರಹಗಾರರಿಗೆ ನಾವು ಕೊಡುವ ಹಣದಲ್ಲಿ ಈ ಎರಡೂ ಚಂದಾಗಳು ಬೆರೆತುಕೊಂಡಿವೆ ಎಂಬುದು ನನಗೆ ವರ್ಷದ ಕೊನೆಗೆ ಹೊಳೆಯಿತು. ಮೊದಲೇ ಹೊಳೆದಿದ್ದರೆ ಆಯ್ಕೆ ಬೇರೆಯಾಗಿರುತ್ತಿತ್ತು. ಕನ್ನಡದ ಸಣ್ಣ ಪತ್ರಿಕೆಗಳು ಬದುಕಿದ್ದು ಈ ಎರಡನೆಯ ಬಗೆಯ ಚಂದಾದಿಂದಲೇ. ಗೋಪಾಲಕೃಷ್ಣ ಅಡಿಗರು 1960ರ ದಶಕದಲ್ಲಿ ನಮ್ಮ ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದುಕೊಂಡು ‘ಸಾಕ್ಷಿ’ಯನ್ನು ನಡೆಸುತ್ತಿದ್ದಾಗ, ಅಂಥ ಪತ್ರಿಕೆಗೆ ಹಣ ಕಳಿಸುತ್ತಿದ್ದವರು ಅದು ನಿಲ್ಲಬಾರದು ಎಂಬ ಕಾಳಜಿಯಿಂದ ಕಳಿಸುತ್ತಿದ್ದರೇ ಹೊರತು ಪುಟಕ್ಕೆ ಎಷ್ಟು ಪೈಸೆ ಬಿತ್ತು ಎಂದು ಎಣಿಸುತ್ತಿರಲಿಲ್ಲ.

ಹಣ ಎಲ್ಲಿ ಹೋಗುತ್ತದೆ ಎಂಬುದನ್ನು ತಿಳಿಯದೆ ಯಾರಿಗೆ ಕೊಡಬೇಕೆಂದು ನಿರ್ಧರಿಸುವುದು ಕಷ್ಟ. 2017ರಲ್ಲಿ ಅಮೆರಿಕದಲ್ಲಿ ಶುರುವಾದ ಸಬ್‌ಸ್ಟ್ಯಾಕ್ ಈಗ, ಬರೆದದ್ದನ್ನು ಓದುಗರ ಇಮೇಲಿಗೆ ಪತ್ರದಂತೆ ಕಳಿಸುವ ಇಂಥ ಬರಹಗಾರರ ದೊಡ್ಡ ನೆಲೆ. ಅಲ್ಲಿ ಓದುಗರು ಕೊಟ್ಟ ಹಣದಲ್ಲಿ ನೂರಕ್ಕೆ 10 ಭಾಗ ಸಬ್‌ಸ್ಟ್ಯಾಕ್‌ಗೆ ಹೋಗುತ್ತದೆ. ಕಾರ್ಡಿನ ವ್ಯವಹಾರ ನೋಡಿಕೊಳ್ಳುವ ಸ್ಟ್ರೈಪ್ ಕಂಪನಿ ಅಮೆರಿಕದ ದರದಲ್ಲಿ ನೂರಕ್ಕೆ 2.9 ಭಾಗವನ್ನೂ ಪ್ರತಿ ಪಾವತಿಗೆ 30 ಸೆಂಟುಗಳನ್ನೂ ಬೇರೆಯಾಗಿ ಮುರಿದುಕೊಳ್ಳುತ್ತದೆ. ತಿಂಗಳಿಗೆ 5 ಡಾಲರ್ ಕೊಟ್ಟರೆ ಬರೆದವರ ಕೈ ಸೇರುವುದು ಸುಮಾರು 4 ಡಾಲರ್. ಇಲ್ಲಿ ಗಮನಿಸಬೇಕಾದದ್ದು ಆ 30 ಸೆಂಟು: ತಿಂಗಳು ತಿಂಗಳು ಕಟ್ಟಿದರೆ ಅದು ವರ್ಷದಲ್ಲಿ 12 ಸಲ ಹೋಗಿ 3 ಡಾಲರ್ 60 ಸೆಂಟಾಗುತ್ತದೆ, ವರ್ಷಕ್ಕೊಮ್ಮೆ ಕಟ್ಟಿದರೆ ಒಂದೇ ಸಲ ಹೋಗುತ್ತದೆ. ಬರಹಗಾರರ ಮೇಲೆ ನಂಬಿಕೆ ಬಂದಿದ್ದರೆ ವಾರ್ಷಿಕ ಚಂದಾ ಕಟ್ಟುವುದೇ ಇಬ್ಬರಿಗೂ ಮೇಲು. ಐಫೋನಿನ ಆ್ಯಪ್ ಒಳಗಿನಿಂದ ಹಣ ಕಟ್ಟಿದರೆ ಆ್ಯಪಲ್ ತನ್ನ ಪಾಲಾಗಿ ನೂರಕ್ಕೆ 30ರವರೆಗೂ ತೆಗೆದುಕೊಳ್ಳುವುದುಂಟು. ಅದೇ ಚಂದಾವನ್ನು ಬ್ರೌಸರಿನಲ್ಲಿ ತೆರೆದು ಕಟ್ಟಿದರೆ ಆ ಪಾಲು ಉಳಿಯುತ್ತದೆ. ಮೀಡಿಯಂ ಎಂಬ ಇನ್ನೊಂದು ಬರಹದ ತಾಣದ ಕ್ರಮ ಬೇರೆ. ಅಲ್ಲಿ ನಾವು ಕೊಡುವುದು ಒಬ್ಬರಿಗಲ್ಲ, ಒಟ್ಟು ತಾಣಕ್ಕೆ. ಯಾರನ್ನು ಎಷ್ಟು ಹೊತ್ತು ಓದಿದೆವು ಎಂಬುದೇ ಮೊದಲಾದ ಲೆಕ್ಕಗಳ ಮೇಲೆ ತಾಣ ಅದನ್ನು ಹಂಚುತ್ತದೆ. ಇಂಥವರಿಗೇ ಸೇರಲಿ ಎಂಬ ಆಸೆಯಿರುವ ನನ್ನಂಥವರಿಗೆ ಅದು ಹೊಂದುವುದಿಲ್ಲ.

ಕನ್ನಡದಲ್ಲಿ ಬರೆಯುವವರ ಪಾಡು ಇದಕ್ಕಿಂತ ಬೇರೆ. ಸಬ್‌ಸ್ಟ್ಯಾಕ್‌ನಲ್ಲಿ ಹಣ ಪಡೆಯಲು ಸ್ಟ್ರೈಪ್ ಖಾತೆ ಬೇಕು, ಭಾರತದಲ್ಲಿ 2024ರಿಂದ ಸ್ಟ್ರೈಪ್ ತಾನಾಗಿ ಕರೆದವರಿಗಷ್ಟೇ ಹೊಸ ಖಾತೆ ಕೊಡುತ್ತಿದೆ. ಹಾಗಾಗಿ ಇಲ್ಲಿಯ ಬಹುಪಾಲು ಬರಹಗಾರರು ಪತ್ರವನ್ನು ಉಚಿತವಾಗಿ ಕಳಿಸಿ, ಕೊನೆಯಲ್ಲಿ ತಮ್ಮ ಯುಪಿಐ ಐಡಿ ಕೊಟ್ಟು, ಕೊಡುವವರು ಕೊಡಲಿ ಎನ್ನುತ್ತಾರೆ. ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ: ಯುಪಿಐಯಲ್ಲಿ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹೋಗುವ ಹಣದಲ್ಲಿ ಮುರಿತವಿಲ್ಲ, 500 ಕಳಿಸಿದರೆ 500 ಸೇರುತ್ತದೆ. ಅನಾನುಕೂಲವೂ ಇದೆ. ಯಾರ ಚಂದಾ ಯಾವಾಗ ಮುಗಿಯಿತು, ಯಾರು ಕೊಟ್ಟರು, ಯಾರಿಗೆ ನೆನಪಿಸಬೇಕು ಎಂಬ ಲೆಕ್ಕವನ್ನೆಲ್ಲ ಬರೆಯುವವರೇ ಇಟ್ಟುಕೊಳ್ಳಬೇಕು. ಹಳೆಯ ವಾರಪತ್ರಿಕೆಗಳ ಸುತ್ತುಕಾಗದದಲ್ಲಿ ‘ಈ ಸಂಚಿಕೆಗೆ ನಿಮ್ಮ ಚಂದಾ ಮುಗಿಯಿತು’ ಎಂಬ ಚೀಟಿ ಬರುತ್ತಿತ್ತು. ಆ ಚೀಟಿ ಅಂಟಿಸಲು ಕಚೇರಿಯಲ್ಲಿ ಒಬ್ಬರಿರುತ್ತಿದ್ದರು. ಇಲ್ಲಿ ಆ ಒಬ್ಬರೂ ಬರಹಗಾರರೇ.

ನನ್ನ ಆರು ಚಂದಾಗಳಲ್ಲಿ ಅತಿ ದುಬಾರಿಯಾದದ್ದು ಶಿಕ್ಷಣದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವ ಹೊರದೇಶದ ಒಬ್ಬರದು. ವರ್ಷಕ್ಕೆ 50 ಡಾಲರ್. ವಿದೇಶಿ ವಿನಿಮಯದ ಶುಲ್ಕವೂ ಸೇರಿ ನನ್ನ ಕಾರ್ಡಿನಿಂದ ಹೋದದ್ದು 4,500 ರೂಪಾಯಿಗೂ ತುಸು ಹೆಚ್ಚು. ಅಂದರೆ ತೆಗೆದಿರಿಸಿದ ಹಣದ ಅರ್ಧ. ಅವರು ಬರೆಯುವುದು ಚೆನ್ನಾಗಿಯೇ ಇದೆ, ಮಕ್ಕಳಿಗೆ ಓದಲು ಕಲಿಸುವ ಬಗ್ಗೆ ಅವರಿಂದ ನಾನು ಕಲಿತದ್ದು ತರಗತಿಯಲ್ಲಿ ಈಗಲೂ ನೆರವಾಗುತ್ತಿದೆ. ಈ ಸಲ ನವೀಕರಣದ ದಿನ ನನ್ನ ಕಾರ್ಡಿನಿಂದ ಹಣ ಹೋಗಲಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ತಾನಾಗಿ ಕಡಿತವಾಗುವ ಹಣಕ್ಕೆ ಮೊದಲೇ ಒಪ್ಪಿಗೆ ದಾಖಲಾಗಿರಬೇಕು, 24 ಗಂಟೆ ಮುಂಚೆ ಗ್ರಾಹಕರಿಗೆ ಸೂಚನೆ ಹೋಗಬೇಕು. ಒಟಿಪಿ ಇಲ್ಲದೆ ಹೋಗಬಹುದಾದ ಮಿತಿಯನ್ನು 2022ರಲ್ಲಿ 5,000ದಿಂದ 15,000ಕ್ಕೆ ಏರಿಸಿದರು. ಇದು ಗ್ರಾಹಕರ ರಕ್ಷಣೆಗೆಂದೇ ಬಂದ ನಿಯಮ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ವಿದೇಶದ ಸಣ್ಣ ಚಂದಾಗಳು ಈ ಒಪ್ಪಿಗೆಯ ವ್ಯವಸ್ಥೆಯೊಳಗೆ ಎಷ್ಟೋ ಸಲ ಬರುವುದೇ ಇಲ್ಲ. ನನ್ನ ಬ್ಯಾಂಕಿನ ಶಾಖೆಗೆ ಎರಡು ಸಲ ಹೋದೆ. ಕೌಂಟರಿನಲ್ಲಿದ್ದ ಹುಡುಗ ಮರ್ಯಾದೆಯಿಂದಲೇ, “ಮೇಡಂ, ಇಂಟರ್‌ನ್ಯಾಷನಲ್ ಆನ್ ಮಾಡಿಕೊಟ್ಟಿದ್ದೇವೆ, ಅದರಾಚೆಗೆ ನಮಗೆ ಏನೂ ಕಾಣಿಸುವುದಿಲ್ಲ” ಎಂದ. ಹೊಸದಾಗಿ ಕಾರ್ಡ್ ನಂಬರು ಹಾಕಿ ಕಟ್ಟುವ ದಾರಿ ಇನ್ನೂ ತೆರೆದೇ ಇತ್ತು. ಅಲ್ಲಿ ನಿಂತು ಯೋಚಿಸಿದೆ: ಅವರಿಗೆ ಚಂದಾದಾರರು ಸಾವಿರಾರು ಮಂದಿ ಇದ್ದಾರೆ, ಅವರ ಒಳ್ಳೆಯ ಲೇಖನಗಳಲ್ಲಿ ಹೆಚ್ಚಿನವು ಉಚಿತವಾಗಿಯೇ ಸಿಗುತ್ತವೆ, ನಾನು ಬಿಟ್ಟರೆ ಅವರ ಬರಹಕ್ಕೆ ಕುಂದೇನೂ ಬರುವುದಿಲ್ಲ. ಆ ಹಣ ನಮ್ಮ ಕಡೆಯ ಸಾಗರದಲ್ಲೋ ಶೃಂಗೇರಿಯಲ್ಲೋ ಬರೆಯುವವರಿಗೆ ಹೋದರೆ ಅಲ್ಲಿ ಒಬ್ಬರ ಬಸ್ಸಿನ ಖರ್ಚು ಹುಟ್ಟುತ್ತದೆ. ಬಿಟ್ಟೆ, ಮತ್ತು ಯಾಕೆ ಬಿಟ್ಟೆನೆಂದು ಅವರಿಗೆ ಎರಡು ಸಾಲು ಬರೆದು ತಿಳಿಸಿದೆ.

ಎರಡನೆಯದು ರಾಜಕೀಯ ಬರೆಯುವವರೊಬ್ಬರ ದಿನಪತ್ರ, ಅಂದರೆ ದಿನವೂ ಬರುವ ಪತ್ರ. ವರ್ಷಕ್ಕೆ 1,200 ರೂಪಾಯಿ. ಮೊದಲ ನಾಲ್ಕು ತಿಂಗಳು ನಾನು ಎಲ್ಲಕ್ಕಿಂತ ಮೊದಲು ತೆರೆಯುತ್ತಿದ್ದುದು ಇದನ್ನೇ. ಸಿಟ್ಟು ನ್ಯಾಯವಾದದ್ದು, ಭಾಷೆ ಚುರುಕಾದದ್ದು. ಒಂದು ಭಾನುವಾರ ಮಳೆ ಹಿಡಿದು ಎಲ್ಲಿಗೂ ಹೋಗಲಾರದೆ ಕುಳಿತಿದ್ದಾಗ, ಆರೂ ಮಂದಿಯ ಮೂರು ತಿಂಗಳ ಹಿಂದಿನ ಪತ್ರಗಳನ್ನು ತೆರೆದು ಮತ್ತೆ ಓದಿದೆ. ಈ ದಿನಪತ್ರದಲ್ಲಿ ಎರಡನೇ ಓದಿಗೆ ನಿಂತದ್ದು ಒಂದೂ ಇರಲಿಲ್ಲ. ಯಾರ ಮೇಲೆ ಯಾಕೆ ಸಿಟ್ಟಾಗಿದ್ದರು ಎಂಬುದನ್ನು ನೆನಪಿಸಿಕೊಳ್ಳುವುದೇ ಕಷ್ಟವಾಯಿತು. ದಿನಪತ್ರಿಕೆಯಿಂದ ಅಂಥ ಬಾಳಿಕೆಯನ್ನು ಯಾರೂ ಬಯಸುವುದಿಲ್ಲ ಎಂದು ಹೇಳಬಹುದು. ಆದರೆ ಆ ಕೆಲಸಕ್ಕೆ ದಿನಪತ್ರಿಕೆ ಮನೆಗೆ ಬರುತ್ತಲೇ ಇದೆ, ಮತ್ತು ನನಗಿರುವುದು ರಾತ್ರಿಯ ಒಂದೇ ಗಂಟೆ. ಚಂದಾ ನವೀಕರಿಸುವ ಮುನ್ನ ಹಳೆಯ ಪತ್ರವೊಂದನ್ನು ತೆಗೆದು ಮತ್ತೆ ಓದಿ ನೋಡಿ ಎಂದು ಯಾರಿಗಾದರೂ ಹೇಳುತ್ತೇನೆ. ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ನಂಬಿಕೆಯ ಪರೀಕ್ಷೆ ಇನ್ನೊಂದಿಲ್ಲ.

ಮೂರನೆಯದು ಒಂದು ಕಥೆಯ ಆ್ಯಪ್. ಅದರಲ್ಲಿ ಒಬ್ಬ ಲೇಖಕಿಯ ಧಾರಾವಾಹಿಗೆಂದು ಕಟ್ಟಿದ್ದೆ. ಅವರಿಗೆ ಕಥೆ ಹೇಳುವ ಕೈ ಇದೆ. ಆದರೆ ಕಂತಿಗೆ ಕಂತು ಬೀಗ ತೆಗೆಯುವ ಏರ್ಪಾಡಿನಲ್ಲಿ ಪ್ರತಿ ಕಂತೂ ಬಾಗಿಲು ಬಡಿದ ಸದ್ದಿನಲ್ಲೋ ಬಾರದ ಫೋನಿನಲ್ಲೋ ಮುಗಿಯಲೇಬೇಕಾಗುತ್ತದೆ, ಕಥೆ ಅದಕ್ಕೆ ಬಗ್ಗುತ್ತದೆ. ನಿಲ್ಲಿಸಿದೆ. ಅವರು ಪುಸ್ತಕ ತಂದರೆ ಖಂಡಿತ ಕೊಳ್ಳುತ್ತೇನೆ.

ಇನ್ನು ಉಳಿಸಿಕೊಂಡವು. ತೋಟಗಾರಿಕೆ ಓದಿದ ಯುವಕರೊಬ್ಬರು ಹದಿನೈದು ದಿನಕ್ಕೊಮ್ಮೆ ಅಡಿಕೆಯ ಬಗ್ಗೆ ಬರೆಯುವ ಪತ್ರಕ್ಕೆ ವರ್ಷಕ್ಕೆ 600 ರೂಪಾಯಿ ಕೊಟ್ಟಿದ್ದೆ. ಕಳೆದ ಜೂನ್ ಮೊದಲ ವಾರದಲ್ಲಿ ಬಂದ ಪತ್ರ, ಮಳೆಗಾಲಕ್ಕೆ ಅಡಿಕೆಗೆ ಹೊಡೆಯುವ ಔಷಧಿಯಾದ ಬೋರ್ಡೋ ದ್ರಾವಣದ ಬಗ್ಗೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಲವಣ), ಒಂದು ಕಿಲೋ ಸುಣ್ಣ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ತೋಟವಿರುವ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅವರು ಬರೆದದ್ದು ಸುಣ್ಣದ ಬಗ್ಗೆ. ಗಾಳಿಗೆ ತೆರೆದಿಟ್ಟ ಸುಣ್ಣ ನೋಡಲು ಹಾಗೆಯೇ ಇದ್ದರೂ ಒಳಗಿನ ಕಸುವು ಕಳೆದುಕೊಂಡಿರುತ್ತದೆ, ತೂಕ ಸರಿಯಿದ್ದರೂ ಅದು ಮೈಲುತುತ್ತದ ಹುಳಿಯನ್ನು ಹಿಡಿಯಲಾರದು, ಹಾಗೆ ಉಳಿದ ತಾಮ್ರ ಎಳೆಯ ಕಾಯಿಯನ್ನು ಸುಡುತ್ತದೆ ಎಂದು ಕಾರಣಸಹಿತ ವಿವರಿಸಿ, ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿ ನೋಡಲು ಹೇಳಿದ್ದರು. ಔಷಧಿ ಹೊಡೆಯುವ ದಿನ ಬೆಳಿಗ್ಗೆ ಹಾಗೆಯೇ ಮಾಡಿದೆ. ಅಡುಗೆಮನೆಯ ಹಳೆಯ ಚೂರಿಯನ್ನು ಮರಳಿನಲ್ಲಿ ತಿಕ್ಕಿ, ಡ್ರಮ್ಮಿನಲ್ಲಿ ಇಳಿಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಎತ್ತಿದಾಗ ಅದರ ಬಾಯಿಯ ಉದ್ದಕ್ಕೂ ಕೆಂಪು ಹತ್ತಿತ್ತು. ಅಡಿಕೆ ಮರ ಹತ್ತುವ ಕೊನೆಗಾರ ಚೂರಿಯನ್ನು ಕೈಗೆ ತೆಗೆದುಕೊಂಡು ಹೊರಳಿಸಿ ನೋಡಿ, “ಸುಣ್ಣದಲ್ಲಿ ಜೀವ ಇಲ್ಲ ಅಮ್ಮಾ, ಹೊಸದು ತರಿಸಿ” ಎಂದ. ಪೇಟೆಯಿಂದ ಹೊಸ ಸುಣ್ಣ ಬಂತು, ನೀರು ಹಾಕಿದ ಕೂಡಲೇ ಕೊತಕೊತ ಕುದಿಯಿತು, ಎರಡನೆಯ ಸಲ ಅದ್ದಿದ ಚೂರಿ ಹೊಳಪಾಗಿಯೇ ಹೊರಬಂತು. ಈ ಪರೀಕ್ಷೆ ಹೊಸದೇನಲ್ಲ, ನಮ್ಮ ಮಾವನವರ ಕಾಲದಲ್ಲೂ ಇತ್ತಂತೆ. ಆದರೆ ಮನೆಯಲ್ಲಿ ಅದು ಬಿಟ್ಟುಹೋಗಿತ್ತು, ಮಳೆ ಹಿಡಿಯುವ ಮುನ್ನವೇ ಅದನ್ನು ನೆನಪಿಸಿದವರು ಇವರು. ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ಸುತ್ತ ತೋಟದ ಬಗ್ಗೆ ಸಲಹೆ ಕೊಡುವವರು ತುಂಬಾ ಇದ್ದಾರೆ, ಅವರಲ್ಲಿ ಹಲವರು ಕೊನೆಗೆ ಯಾವುದೋ ಡಬ್ಬಿಯನ್ನು ಮಾರುತ್ತಾರೆ. ಇವರು ಏನನ್ನೂ ಮಾರುವುದಿಲ್ಲ ಎಂಬುದಕ್ಕೇ ನಾನು ಹಣ ಕೊಡಬೇಕು, ಏಕೆಂದರೆ ನಾವು ಕೊಡದಿದ್ದರೆ ಅವರ ಖರ್ಚನ್ನು ಕೊಡಲು ಔಷಧಿ ಕಂಪನಿಗಳು ಸಿದ್ಧವಾಗಿಯೇ ಇರುತ್ತವೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸಿದ್ದು ಸಾಗರ ತಾಲೂಕಿನ ಲೇಖಕಿಯೊಬ್ಬರ ಬಗ್ಗೆ. ಅವರು ಬರೆಯುವುದು ಶರಾವತಿ ಹಿನ್ನೀರಿನ ಊರುಗಳ ವಿಷಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಊರುಗಳು ಮುಳುಗಿದ ಮೇಲೆ ಎದ್ದು ಹೋದವರಲ್ಲಿ ಎಷ್ಟೋ ಕುಟುಂಬಗಳ ಜಮೀನಿನ ಹಕ್ಕು ಇನ್ನೂ ಇತ್ಯರ್ಥವಾಗಿಲ್ಲ. ಈ ಸಂಗತಿ ಚುನಾವಣೆಯ ವರ್ಷ ಪತ್ರಿಕೆಗಳಿಗೆ ಬರುತ್ತದೆ, ಆಮೇಲೆ ಹೋಗುತ್ತದೆ. ಅವರ ಪತ್ರದಲ್ಲಿ ಮಾತ್ರ ಹೋಗುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ, ಲಿಂಗನಮಕ್ಕಿಗಿಂತ ಮೊದಲು ಕಟ್ಟಿ ಆಮೇಲೆ ಅದೇ ನೀರಿನಲ್ಲಿ ಮುಳುಗಿದ ಹಿರೇಭಾಸ್ಕರ ಅಣೆಕಟ್ಟು ಮಡೆನೂರಿನ ಬಳಿ ಮೇಲೇಳುತ್ತದೆ, ಅದರ ಫೋಟೋ ತೆಗೆಯಲು ಜನ ಹೋಗುತ್ತಾರೆ. ಇವರು ಅಲ್ಲಿಗೆ ಹೋದದ್ದು ಮುಳುಗಡೆಯ ಊರಿನ ಹಿರಿಯರೊಬ್ಬರ ಜೊತೆಗೆ, ಆ ಹಿರಿಯರು ತಮ್ಮ ಮನೆಯ ತಳಪಾಯ ಎಲ್ಲಿತ್ತು, ಬಾವಿ ಎಲ್ಲಿತ್ತು ಎಂದು ಕೆಸರಿನಲ್ಲಿ ಹೆಜ್ಜೆ ಎಣಿಸಿ ತೋರಿಸುವುದನ್ನು ಬರೆದುಕೊಳ್ಳಲು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದಾಗ ಎಲ್ಲರೂ ಆ ದಿನದ ಬಗ್ಗೆ ಬರೆದರು. ಇವರು ಎರಡು ತಿಂಗಳು ಬಿಟ್ಟು ಹೋಗಿ, ಸೇತುವೆಗೆ ಮೊದಲು ಹಿನ್ನೀರು ದಾಟಿಸುತ್ತಿದ್ದ ಲಾಂಚಿಗೆ ಕಾಯುವ ಜನರನ್ನೇ ನಂಬಿ ದಡದಲ್ಲಿ ಅಂಗಡಿ ಇಟ್ಟುಕೊಂಡಿದ್ದವರ ಜೊತೆ ಕುಳಿತು, ಹಾಗೆಯೇ ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಡಬೇಕಾದ ಮನೆಯವರ ನೆಮ್ಮದಿಯನ್ನೂ ಕೇಳಿಕೊಂಡು, ಎರಡನ್ನೂ ಒಂದೇ ಪತ್ರದಲ್ಲಿ ಬರೆದರು. ಒಂದೊಂದು ಪತ್ರದ ಹಿಂದೆ ಮೂರು ನಾಲ್ಕು ದಿನದ ಓಡಾಟವಿರುವುದು ಓದಿದರೆ ತಿಳಿಯುತ್ತದೆ. ಅವರು ವರ್ಷಕ್ಕೆ ಕೇಳುವುದು 1,000 ರೂಪಾಯಿ, ಮತ್ತು ಯಾವ ಪತ್ರಕ್ಕೂ ಬೀಗವಿಲ್ಲ.

ಬೀಗವಿಲ್ಲದಿರುವುದು ಮೊದಲು ನನ್ನ ಮನಸ್ಸಿನಲ್ಲಿ ಒಂದು ಅನುಮಾನ ಹುಟ್ಟಿಸಿತ್ತು: ಕೊಡದಿದ್ದರೂ ಓದಬಹುದಾದದ್ದಕ್ಕೆ ಕೊಡುವುದೇಕೆ? ನನ್ನ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಇದನ್ನೇ ನೇರವಾಗಿ ಕೇಳಿದರು. ಆದರೆ ಆ ಪತ್ರಗಳು ಯಾರ ಬಗ್ಗೆ ಇವೆಯೋ ಅವರೇ ಅವನ್ನು ಓದಬೇಕಾದ ಮೊದಲಿಗರು. ಬೀಗ ಹಾಕಿದರೆ ಹಿನ್ನೀರಿನ ಆಚೆ ದಡದ ಮನೆಯವರ ಕಥೆಯನ್ನು ಅವರನ್ನು ಹೊರಗಿಟ್ಟು ನಾನು ಓದಿದಂತಾಗುತ್ತದೆ. ಕಾಲುಸಂಕದ ಚಂದಾ ಎಂದು ಮೊದಲು ಹೇಳಿದ್ದು ಇದಕ್ಕೇ. ಕಳೆದ ನವೆಂಬರಿನಲ್ಲಿ ಅವರ ಒಂದು ಪತ್ರವನ್ನು ಹತ್ತನೆಯ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದೆ. ಓದು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, “ಮಿಸ್, ನಮ್ಮ ಅಜ್ಜಿ ಮನೆಯೂ ಮುಳುಗಿದ್ದೇ” ಎಂದಳು. ಅದುವರೆಗೂ ಅದನ್ನು ಅವಳು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಕೊನೆಯದು ವಾರಕ್ಕೊಂದು ಹಳಗನ್ನಡ ಪದ್ಯವನ್ನು ಬಿಡಿಸಿ ಹೇಳುವ ನಿವೃತ್ತ ಉಪನ್ಯಾಸಕರ ಪತ್ರ, 500 ರೂಪಾಯಿ. ಪದ್ಯವನ್ನು ತಾವೇ ಓದಿ ಧ್ವನಿಮುದ್ರಿಕೆಯನ್ನೂ ಜೊತೆಗೆ ಕಳಿಸುತ್ತಾರೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಗಮಕ ಕೇಳಿ ಬೆಳೆದ ನಮ್ಮ ಅತ್ತೆಗೆ ಪದಚ್ಛೇದದಲ್ಲಿ ಸಣ್ಣ ತಪ್ಪಾದರೂ ಗೊತ್ತಾಗುತ್ತದೆ, ಅವರು ಈ ವರ್ಷ ಹಿಡಿದದ್ದು ಎರಡೇ ತಪ್ಪು. ಎರಡನ್ನೂ ಬರೆದು ಕಳಿಸಿದಾಗ ಮುಂದಿನ ವಾರದ ಪತ್ರದ ಮೊದಲ ಸಾಲಿನಲ್ಲೇ ತಿದ್ದುಪಡಿ ಬಂತು. ತಪ್ಪು ತೋರಿಸಿದಾಗ ಬರಹಗಾರರು ಏನು ಮಾಡುತ್ತಾರೆ ಎಂಬುದು ಅವರನ್ನು ಉಳಿಸಿಕೊಳ್ಳಬೇಕೇ ಎಂದು ತೀರ್ಮಾನಿಸಲು ನನಗೆ ಬಹಳ ನೆರವಾಗಿದೆ. ರಾಜಕೀಯದ ದಿನಪತ್ರದವರಿಗೂ ಒಮ್ಮೆ ಒಂದು ಇಸವಿ ತಪ್ಪಾದದ್ದನ್ನು ತಿಳಿಸಿದ್ದೆ. ಉತ್ತರ ಬರಲಿಲ್ಲ, ಇಸವಿ ಇಂದಿಗೂ ಹಾಗೆಯೇ ಇದೆ.

ಉಳಿಸಿಕೊಂಡ ಮೂವರದೂ ಇಮೇಲಿಗೆ ಬರುವ ಪತ್ರ ಎಂಬುದು ಆಕಸ್ಮಿಕವಲ್ಲ ಎನಿಸುತ್ತದೆ. ಜುಲೈಯಲ್ಲಿ ನಮ್ಮಲ್ಲಿ ಕರೆಂಟು ಮೂರು ದಿನ ಇಲ್ಲದಿರುವುದುಂಟು, ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಆ್ಯಪ್ ಆಗ ತೆರೆಯುವುದೇ ಇಲ್ಲ. ಇಮೇಲ್ ಹಾಗಲ್ಲ: ಶಾಲೆಯ ಹತ್ತಿರ ಒಂದು ನಿಮಿಷ ನೆಟ್‌ವರ್ಕ್ ಸಿಕ್ಕಿದರೂ ಪತ್ರ ಒಳಗೆ ಬಂದು ಕುಳಿತಿರುತ್ತದೆ, ರಾತ್ರಿ ಮನೆಯಲ್ಲಿ ಓದಬಹುದು. ಇನ್ನೊಂದು ಕಾರಣವೂ ಇದೆ. ಕನ್ನಡದ ಬ್ಲಾಗುಗಳು ಹುಲುಸಾಗಿ ಬೆಳೆದ ಕಾಲದಲ್ಲಿ ನಾನು ಇಷ್ಟಪಟ್ಟು ಓದಿದ ಎಷ್ಟೋ ಬರಹಗಳು ಈಗ ಹುಡುಕಿದರೆ ಸಿಗುವುದಿಲ್ಲ. ಪತ್ರವಾದರೆ ತಾಣ ಮುಚ್ಚಿದರೂ ನನ್ನ ಇನ್‌ಬಾಕ್ಸಿನಲ್ಲಿ ಉಳಿಯುತ್ತದೆ. ಓದುಗರ ಇಮೇಲ್ ಪಟ್ಟಿಯನ್ನು ಬರಹಗಾರರು ತಮ್ಮೊಂದಿಗೆ ಬೇರೆಡೆಗೆ ಒಯ್ಯಲು ಸಬ್‌ಸ್ಟ್ಯಾಕ್ ಮತ್ತು ಅಂಥದೇ ಇನ್ನೊಂದು ನೆಲೆಯಾದ ಘೋಸ್ಟ್ ಎರಡರಲ್ಲೂ ಅವಕಾಶವಿದೆ, ಇದು ಬರೆಯುವವರಿಗೆ ಸಣ್ಣ ಧೈರ್ಯವಲ್ಲ. ಘೋಸ್ಟ್ ಲಾಭಕ್ಕಾಗಿ ನಡೆಯದ ಪ್ರತಿಷ್ಠಾನದ್ದು. ಚಂದಾದಲ್ಲಿ ಪಾಲು ಕೇಳುವುದಿಲ್ಲ, ಆದರೆ ತಾಣ ನಡೆಸುವ ಖರ್ಚನ್ನು ಬರಹಗಾರರೇ ಭರಿಸಬೇಕು.

ಮೆಚ್ಚಿಕೊಂಡವರ ಬಗ್ಗೆಯೂ ಹೇಳಬೇಕಾದ ಕೊರತೆಗಳಿವೆ. ಸಾಗರದ ಲೇಖಕಿಯ ಪತ್ರ ಹದಿನೈದು ದಿನಕ್ಕೊಮ್ಮೆ ಎಂದಿದ್ದರೂ ಮಳೆಗಾಲದಲ್ಲಿ ಏಳು ವಾರ ಬರಲಿಲ್ಲ. ತಡವಾಗುವುದು ನನಗೆ ತೊಂದರೆಯಲ್ಲ. ತಡವಾಗುತ್ತದೆ ಎಂಬ ಒಂದು ಸಾಲು ಬಂದಿದ್ದರೆ ಅವರ ಆರೋಗ್ಯದ ಬಗ್ಗೆ ಆತಂಕವಾಗುತ್ತಿರಲಿಲ್ಲ. ಅಡಿಕೆಯ ಪತ್ರದಲ್ಲಿ ಹಣ ಸಂದಿತೆಂಬ ರಸೀದಿ ಬರುವುದಿಲ್ಲ, ನಾನೇ ಮೆಸೇಜು ಮಾಡಿ ಕೇಳಬೇಕಾಯಿತು. ಉಪನ್ಯಾಸಕರು 500 ರೂಪಾಯಿ ಮಾತ್ರ ಕೇಳುವುದು ಅವರ ಸಂಕೋಚವೇ ಹೊರತು ಆ ಕೆಲಸದ ಮೌಲ್ಯವಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಗಮಕಿಗಳನ್ನು ಕರೆಸಿದರೆ ಹಣ್ಣುಕಾಯಿಯ ಜೊತೆ ನಾವಾಗಿಯೇ ಸಂಭಾವನೆ ಇಡುತ್ತೇವೆ, ಅವರು ಇಷ್ಟು ಎಂದು ಹೇಳಲಿ ಎಂದು ಕಾಯುವುದಿಲ್ಲ. ಇಲ್ಲಿಯೂ ಹಾಗೆಯೇ ನಡೆದುಕೊಳ್ಳಬಹುದು.

ಹಾಗಾಗಿ ಈ ವರ್ಷ ಸಾಗರದ ಲೇಖಕಿಗೆ 2,500, ಅಡಿಕೆಯ ಪತ್ರಕ್ಕೆ 1,500, ಹಳಗನ್ನಡದ ಪತ್ರಕ್ಕೆ 1,500 ರೂಪಾಯಿಗಳನ್ನು ಯುಪಿಐ ಮೂಲಕ ಒಂದೇ ಕಂತಿನಲ್ಲಿ ಕಳಿಸಿದ್ದೇನೆ. ನಿಲ್ಲಿಸಿದ್ದ ವಾರಪತ್ರಿಕೆಯ ಕೊರತೆ ಅತ್ತೆಯನ್ನು ಕಾಡಿತ್ತು, ಅದಕ್ಕೆ 1,500 ತೆಗೆದು ಮತ್ತೆ ತರಿಸುತ್ತಿದ್ದೇವೆ. ಉಳಿದ 2,000 ರೂಪಾಯಿಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಪ್ರತಿ ಬೇಸಿಗೆಯಲ್ಲೂ ನಮ್ಮ ತಾಲೂಕಿನ ಯಾವುದಾದರೂ ಮನೆಗೆ ಬರುತ್ತದೆ, ದರಗೆಲೆ (ಒಣಗಿ ಬಿದ್ದ ಎಲೆ) ಗುಡಿಸಲು ಕಾಡಿಗೆ ಹೋದವರಿಗೇ ಹೆಚ್ಚಾಗಿ ಬರುತ್ತದೆ. ಡಿಸೆಂಬರಿನಿಂದ ಮೇ ತನಕ ವಾರವಾರವೂ ಆ ಮನೆಗಳಿಗೆ, ಆರೋಗ್ಯ ಕೇಂದ್ರಗಳಿಗೆ ಹೋಗಿ ಅದರ ಬಗ್ಗೆ ಕನ್ನಡದಲ್ಲಿ ಬಿಡದೆ ಬರೆಯುವವರು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಅಂಥವರು ಯಾರಾದರೂ ಇದ್ದರೆ, ಈಗಷ್ಟೇ ಶುರು ಮಾಡಿದ್ದರೂ ಸರಿ, ತಿಳಿಸಿ. ಅವರ ಮೊದಲ ವರ್ಷದ ಚಂದಾ ಸಿದ್ಧವಿದೆ.